ಮಾತು ಬಾರದ ಕೂಸಿನ ಜ್ವರ

ಒಂಬತ್ತು ತಿಂಗಳ ಹೆಣ್ಣು ಕೂಸು. ಎರಡು ದಿನದಿಂದ ಜ್ವರ. ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯೂ ಇಲ್ಲ. ಪ್ಯಾರಸಿಟಮಾಲ್ ಹನಿ ಹಾಕಿದರೆ ಮೂರು ನಾಲ್ಕು ಗಂಟೆ ಇಳಿಯುತ್ತದೆ, ಮತ್ತೆ ಏರುತ್ತದೆ. ರಾಗಿಸರಿ ಬಾಯಿಗಿಟ್ಟರೆ ಉಗುಳುತ್ತದೆ. ಎದೆಹಾಲನ್ನೂ ಅರ್ಧಕ್ಕೇ ಬಿಟ್ಟು ಮುಖ ತಿರುಗಿಸುತ್ತದೆ.

"ಹಲ್ಲು ಬರ್ತಾ ಇದೆ ಕಣೇ, ಅದಕ್ಕೇ ಜ್ವರ. ನಿನ್ನ ಗಂಡನಿಗೂ ಹೀಗೇ ಆಗ್ತಿತ್ತು" ಎನ್ನುತ್ತಾರೆ ಅತ್ತೆ.

"ನಾಳೆಗೆ ಮೂರನೇ ದಿನ ಅತ್ತೆ. ಇಷ್ಟೊಂದು ಜ್ವರ ಹಲ್ಲಿಗೆ ಬರುತ್ತಾ?" ಎನ್ನುವ ಸೊಸೆಯ ಕಣ್ಣು ಗೋಡೆಯ ಕಪಾಟಿನ ಮೇಲೆ. ಅಲ್ಲಿ ದೊಡ್ಡ ಮಗನಿಗೆ ಹೋದ ತಿಂಗಳು ಗಂಟಲು ನೋವಿಗೆಂದು ತಂದ ಆಂಟಿಬಯಾಟಿಕ್ ಸಿರಪ್ಪು ಅರ್ಧ ಬಾಟಲಿ ಉಳಿದಿದೆ. ಒಂದು ಚಮಚ ಹಾಕಿ ನೋಡಿದರೆ ಹೇಗೆ?

ಇಂಥ ಕಪಾಟು, ಇಂಥ ಅರ್ಧ ಬಾಟಲಿ ಯಾರ ಮನೆಯಲ್ಲಿಲ್ಲ? ಆದರೆ ಆ ಒಂದು ಚಮಚ ಕೂಸಿನ ಬಾಯಿಗೆ ಬಿದ್ದರೆ, ಈ ಜ್ವರ ಎಲ್ಲಿಂದ ಬಂತೆಂದು ತಿಳಿಸಬಹುದಾಗಿದ್ದ ಏಕೈಕ ಸಾಕ್ಷಿ ಅಳಿಸಿಹೋಗಬಹುದು.

ಮೊದಲು ಹಲ್ಲಿನ ಮೇಲಿನ ಆಪಾದನೆಯನ್ನು ತೆಗೆದುಹಾಕಬೇಕು. ಹಲ್ಲು ಮೂಡುವಾಗ ಕೂಸು ಜೊಲ್ಲು ಸುರಿಸಬಹುದು, ರಚ್ಚೆ ಹಿಡಿಯಬಹುದು, ಮೈ ತುಸು ಬೆಚ್ಚಗಾಗಲೂಬಹುದು. 102 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಎರಡು ಮೂರು ದಿನ ಕಾಯುವುದು ಹಲ್ಲಿನ ಕೆಲಸವಲ್ಲ. ಹಾಗಿದ್ದೂ ಹಲ್ಲಿಗೆ ಈ ಕೆಟ್ಟ ಹೆಸರು ಅಂಟಿಕೊಂಡದ್ದೇಕೆ? ಆರನೆಯ ತಿಂಗಳಿನಿಂದ ಎರಡೂವರೆ ವರ್ಷದವರೆಗೆ ಯಾವಾಗ ನೋಡಿದರೂ ಯಾವುದೋ ಒಂದು ಹಲ್ಲು ಬರುತ್ತಲೇ ಇರುತ್ತದೆ. ಜ್ವರ ಬಂದಾಗ ಬಾಯಿ ತೆರೆದು ನೋಡಿದರೆ ಕಳ್ಳನಂತೆ ಸಿಕ್ಕಿಬೀಳುವುದು ಅದೇ!

ವೈದ್ಯರು ಜ್ವರದ ಮೂಲ ಹುಡುಕುವ ಬಗೆಯನ್ನು ಗಮನಿಸಿ. ಟಾರ್ಚ್ ಹಿಡಿದು ಗಂಟಲು ನೋಡುತ್ತಾರೆ, ಕಿವಿಯೊಳಗೆ ಇಣುಕುತ್ತಾರೆ, ಸ್ಟೆತಾಸ್ಕೋಪ್ ಇಟ್ಟು ಶ್ವಾಸಕೋಶವನ್ನು ಆಲಿಸುತ್ತಾರೆ. ಮೂತ್ರಪಿಂಡವನ್ನು ಇಣುಕಿ ನೋಡಲು ಮಾತ್ರ ಅಂಥ ಕಿಟಕಿ ಯಾವುದೂ ಇಲ್ಲ. ಬೆನ್ನೆಲುಬಿನ ಇಕ್ಕೆಲಗಳಲ್ಲಿ, ಹೊಟ್ಟೆಯ ಹಿಂಗೋಡೆಗೆ ಒತ್ತಿಕೊಂಡಿರುವ ಈ ಅಂಗದಲ್ಲಿ ಏನಾಗುತ್ತಿದೆಯೆಂಬುದನ್ನು ಹೊರಗೆ ಹೇಳುವುದು ಮೂತ್ರವೊಂದೇ. ದೊಡ್ಡವರಾದರೆ "ಉರಿಮೂತ್ರ ಸ್ವಾಮಿ, ಸೊಂಟ ನೋಯುತ್ತೆ" ಎಂದು ಬಾಯಿಬಿಟ್ಟು ಹೇಳುತ್ತಾರೆ. ಕೂಸಿಗೆ ಗೊತ್ತಿರುವ ಭಾಷೆ ಅಳು. ಹಸಿವಿಗೂ ಅದೇ, ನಿದ್ದೆಗೂ ಅದೇ, ಮೂತ್ರದ ಉರಿಗೂ ಅದೇ.

2008ರಲ್ಲಿ ಅಮೆರಿಕದ ಸಂಶೋಧಕರು ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಜ್ವರವೆಂದು ವೈದ್ಯರ ಬಳಿ ಬಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ ಸುಮಾರು 7 ಮಕ್ಕಳ ಜ್ವರಕ್ಕೆ ಮೂತ್ರಾಂಗದ ಸೋಂಕೇ ಕಾರಣವೆಂದು ಕಂಡುಬಂತು. ಸ್ವೀಡನ್ನಿನ ಗೋಟೆಬೊರ್ಗ್ ನಗರದಲ್ಲಿ ಶಾಲೆಗೆ ಸೇರುವ ಮಕ್ಕಳ ಹಿಂದಿನ ಕಾಯಿಲೆಗಳನ್ನು ವಿಚಾರಿಸಿ 1991ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಏಳು ವರ್ಷ ತುಂಬುವುದರೊಳಗೆ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು ಎಂಟು, ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು ಎರಡು ಮಕ್ಕಳಿಗೆ ಒಮ್ಮೆಯಾದರೂ ಈ ಸೋಂಕು ತಗುಲಿತ್ತು. ಅಪರೂಪದ ಕಾಯಿಲೆಯೇನೂ ಅಲ್ಲ.

ಶಾಲೆಯ ಜೀವಶಾಸ್ತ್ರ ಪುಸ್ತಕದ ಚಿತ್ರವನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು. ಎರಡು ಮೂತ್ರಪಿಂಡಗಳು, ಅವುಗಳನ್ನು ಹಳೆಯ ಪಠ್ಯಗಳು ಮೂತ್ರಜನಕಾಂಗ ಎನ್ನುತ್ತಿದ್ದವು. ಅಲ್ಲಿಂದ ಕೆಳಗಿಳಿಯುವ ಎರಡು ಮೂತ್ರನಾಳಗಳು. ಅವು ಬಂದು ಸೇರುವ ಚೀಲ ಮೂತ್ರಕೋಶ. ಚೀಲದಿಂದ ದೇಹದ ಹೊರಗೆ ಒಂದೇ ಒಂದು ಹೊರನಾಳ. ಮೂತ್ರ ಮೇಲಿನಿಂದ ಕೆಳಗೆ ಹರಿಯುತ್ತದೆ. ಸೋಂಕು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಎಳೆಯ ಕೂಸುಗಳಲ್ಲಿ ಕೆಲವೊಮ್ಮೆ ರಕ್ತದ ಮೂಲಕ ಮೂತ್ರಪಿಂಡ ತಲುಪುವುದೂ ಉಂಟು. ಹೆಣ್ಣುಮಕ್ಕಳ ಹೊರನಾಳ ಬಹಳ ಗಿಡ್ಡ, ಮಲದ್ವಾರಕ್ಕೂ ಹತ್ತಿರ. ಒಂದು ವರ್ಷದ ನಂತರ ಈ ಸೋಂಕು ಹೆಣ್ಣುಮಕ್ಕಳಲ್ಲೇ ಹೆಚ್ಚು ಕಾಣುವುದಕ್ಕೆ ಇದು ಮುಖ್ಯ ಕಾರಣ. ಆದರೆ ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಗಂಡುಕೂಸುಗಳದ್ದೇ ಮೇಲುಗೈ ಎಂಬುದನ್ನು ಮರೆಯಬಾರದು. ಆ ವಯಸ್ಸಿನಲ್ಲಿ ಮುಂದೊಗಲು ಬಿಗಿಯಾಗಿರುತ್ತದೆ, ಅದರ ಒಳಮಗ್ಗುಲಲ್ಲಿ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ಹಾಗೆಂದು ಎಣ್ಣೆ ಹಚ್ಚಿ ನೀರೆರೆಯುವಾಗ ಅದನ್ನು ಬಲವಂತವಾಗಿ ಹಿಂದಕ್ಕೆ ಸರಿಸುವುದು ತಪ್ಪು. ಹಾಗೆ ಮಾಡಿದರೆ ಗಾಯವಾಗಿ ಇನ್ನಷ್ಟು ಬಿಗಿಯಾಗುತ್ತದೆ.

ಹಾಗಾದರೆ ಹತ್ತುವವರು ಯಾರು? ಈ ಪ್ರಶ್ನೆಗೆ ಉತ್ತರ ಕೂಸುಗಳ ಬಟ್ಟೆಯಲ್ಲೇ ಸಿಕ್ಕಿತೆಂಬುದು ವಿಜ್ಞಾನದ ಚರಿತ್ರೆಯ ಸ್ವಾರಸ್ಯಗಳಲ್ಲೊಂದು. ಥಿಯೊಡೋರ್ ಎಷರಿಚ್ ಜರ್ಮನಿಯ ಮಕ್ಕಳ ವೈದ್ಯ, ಹುಟ್ಟಿದ್ದು 1857ರಲ್ಲಿ. 1884ರಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಕಾಲರಾ ಹಬ್ಬಿದಾಗ ಅಲ್ಲಿಗೆ ಹೋಗಿ ರೋಗಾಣುಗಳನ್ನು ಹುಡುಕುವ ವಿದ್ಯೆಯಲ್ಲಿ ಪಳಗಿದ. ಮ್ಯೂನಿಕ್‌ಗೆ ಮರಳಿದ ಮೇಲೆ ಆತ ಕೈಗೆತ್ತಿಕೊಂಡದ್ದು ಯಾರೂ ಮೂಗು ಮುಚ್ಚಿಕೊಳ್ಳುವ ವಸ್ತುವನ್ನು: ನವಜಾತ ಶಿಶುಗಳ ಮಲ. ಹುಟ್ಟಿದ ಕೂಸಿನ ಮೊದಲ ಕಪ್ಪು ಮಲದಲ್ಲಿ ಆತನಿಗೆ ಬ್ಯಾಕ್ಟೀರಿಯಾ ಕಾಣಲಿಲ್ಲ. ಕೆಲವೇ ಗಂಟೆಗಳ ನಂತರದ ಮಲದಲ್ಲಿ ಕಾಣತೊಡಗಿದವು. ಹಾಗೆ ಸಿಕ್ಕವುಗಳಲ್ಲಿ ಒಂದು, ಗಿಡ್ಡ ಕಡ್ಡಿಯಾಕಾರದ ಜೀವಿ. 1885ರಲ್ಲಿ ಆತ ಅದನ್ನು ವಿವರಿಸಿ, ಎಲ್ಲ ಕರುಳುಗಳಲ್ಲೂ ಸಾಮಾನ್ಯವಾಗಿ ಇರುವಂಥದು ಎಂಬ ಅರ್ಥ ಬರುವ ಲ್ಯಾಟಿನ್ ಹೆಸರು ಕೊಟ್ಟ. ಆತ ತೀರಿಕೊಂಡ ಮೇಲೆ 1919ರಲ್ಲಿ ಅದಕ್ಕೆ ಆತನ ಹೆಸರನ್ನೇ ಇಟ್ಟರು: ಎಷರಿಚಿಯಾ ಕೋಲಿ. ಇಂದು ಲೋಕವೆಲ್ಲ ಇ-ಕೋಲಿ ಎನ್ನುವುದು ಇದನ್ನೇ. ಉದ್ದ ಸುಮಾರು ಎರಡು ಮೈಕ್ರೋಮೀಟರ್. ಸಾಲಾಗಿ ಐನೂರು ನಿಲ್ಲಿಸಿದರೆ ಒಂದು ಮಿಲಿಮೀಟರ್.

ಕರುಳಿನಲ್ಲಿ ಸಾಧುವಾಗಿ ಬಾಳುವ ಈ ಜೀವಿ ಮೂತ್ರಕೋಶ ಹೊಕ್ಕರೆ ಮಕ್ಕಳಿಗೆ ಕಾಯಿಲೆ ತರುತ್ತದೆಯೆಂದು 1894ರಲ್ಲಿ ಬರೆದವನೂ ಎಷರಿಚ್. ಆಗ ಆತ ಆಸ್ಟ್ರಿಯಾದ ಗ್ರಾತ್ಸ್ ನಗರದಲ್ಲಿದ್ದ. ಇಂದಿಗೂ ಮಕ್ಕಳ ಮೂತ್ರಾಂಗದ ಸೋಂಕುಗಳಲ್ಲಿ ನೂರಕ್ಕೆ ಎಂಬತ್ತು ಅಥವಾ ಅದಕ್ಕಿಂತ ಹೆಚ್ಚು ಇದರದ್ದೇ. ಉಳಿದವು ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್ ಮೊದಲಾದ ಇದರ ದಾಯಾದಿಗಳವು.

ಆದರೆ ಒಂದು ಸಂಶಯ ಬರಬೇಕು. ಇ-ಕೋಲಿ ಎಲ್ಲರ ಕರುಳಲ್ಲೂ ಇದೆ. ಮಕ್ಕಳ ಬಟ್ಟೆ ದಿನಕ್ಕೆ ಹತ್ತು ಸಲ ಕೊಳೆಯಾಗುತ್ತದೆ. ಹಾಗಿದ್ದರೆ ಎಲ್ಲ ಕೂಸುಗಳಿಗೂ ಸೋಂಕು ತಗುಲಬೇಡವೇ? ತಗುಲುವುದಿಲ್ಲ, ಏಕೆಂದರೆ ಮೂತ್ರದ ಹರಿವೇ ದೊಡ್ಡ ರಕ್ಷಣೆ. ಚರಂಡಿಗೆ ನೀರು ಬಿಟ್ಟಾಗ ಕಸ ಕೊಚ್ಚಿಹೋಗುವಂತೆ ಪ್ರತಿಸಲ ಮೂತ್ರ ಹೊಯ್ದಾಗಲೂ ಬ್ಯಾಕ್ಟೀರಿಯಾಗಳು ಕೊಚ್ಚಿಹೋಗುತ್ತವೆ. ಉಳಿದುಕೊಳ್ಳಬೇಕಾದರೆ ಹಿಡಿತ ಬೇಕು. 1976ರಲ್ಲಿ ಗೋಟೆಬೊರ್ಗ್‌ನ ಕಾತರೀನಾ ಸ್ವಾನ್‌ಬೊರ್ಗ್ ಎಡೆನ್ ಮತ್ತು ಅವರ ಜೊತೆಗಾರರು, ಮೂತ್ರಪಿಂಡದವರೆಗೂ ಹತ್ತಿ ಜ್ವರ ತರುವ ಇ-ಕೋಲಿಗಳು ಮೂತ್ರಾಂಗದ ಒಳಪದರದ ಜೀವಕೋಶಗಳಿಗೆ ಬಲವಾಗಿ ಅಂಟಿಕೊಳ್ಳುತ್ತವೆ, ನಿರುಪದ್ರವಿಗಳು ಅಷ್ಟಾಗಿ ಅಂಟಿಕೊಳ್ಳುವುದಿಲ್ಲ ಎಂದು ತೋರಿಸಿದರು. ಅಂಟಿಕೊಳ್ಳಲು ಅವುಗಳ ಮೈಮೇಲೆ ಕೂದಲಿಗಿಂತ ಎಷ್ಟೋ ಪಾಲು ನವಿರಾದ ಎಳೆಗಳಿವೆ. ಎಳೆಯ ತುದಿಯಲ್ಲಿರುವ ಪ್ರೋಟೀನು ನಮ್ಮ ಜೀವಕೋಶದ ಮೇಲ್ಮೈಯ ಸಕ್ಕರೆಯ ಅಣುವನ್ನು ಬೀಗಕ್ಕೆ ಕೀಲಿ ಸೇರಿದಂತೆ ಹಿಡಿಯುತ್ತದೆ. ಉತ್ರಾಣಿ ಕಡ್ಡಿ ಪಂಚೆಗೆ ಕಚ್ಚಿಕೊಂಡದ್ದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು.

ಇನ್ನೊಂದು ರಕ್ಷಣೆ ದೇಹದ ರಚನೆಯಲ್ಲೇ ಇದೆ. ಮೂತ್ರನಾಳ ಮೂತ್ರಕೋಶವನ್ನು ನೇರವಾಗಿ ತೂರಿಕೊಂಡು ಹೋಗುವುದಿಲ್ಲ. ಅದರ ಗೋಡೆಯೊಳಗೆ ಓರೆಯಾಗಿ ಸ್ವಲ್ಪ ದೂರ ಸಾಗಿ ಒಳಗೆ ತೆರೆದುಕೊಳ್ಳುತ್ತದೆ. ಚೀಲ ತುಂಬಿ ಬಿಗಿದಾಗ ಆ ಓರೆಯ ಭಾಗ ತಾನಾಗಿ ಒತ್ತಿ ಮುಚ್ಚಿಕೊಳ್ಳುತ್ತದೆ. ಬಾಗಿಲಿಲ್ಲದೆಯೇ ಬಾಗಿಲು. ಕೆಲವು ಮಕ್ಕಳಲ್ಲಿ ಈ ಓರೆಯ ದಾರಿ ಹುಟ್ಟಿನಿಂದಲೇ ಗಿಡ್ಡ. ಆಗ ಮೂತ್ರ ಹೊಯ್ಯುವಾಗ ಒಂದಿಷ್ಟು ಹಿಮ್ಮುಖವಾಗಿ ಮೂತ್ರಪಿಂಡದತ್ತ ಚಿಮ್ಮುತ್ತದೆ, ಬ್ಯಾಕ್ಟೀರಿಯಾಗಳಿಗೆ ಪುಕ್ಕಟೆ ಸವಾರಿ. ಸೋಂಕು ತಗುಲಿದ ಮಕ್ಕಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲೊಬ್ಬರಲ್ಲಿ ಈ ಹಿಮ್ಮುಖ ಹರಿವು ಕಾಣುತ್ತದೆ. ಅದರಲ್ಲಿ ಬಹುಪಾಲು ಸೌಮ್ಯವಾದದ್ದು. ಮಗು ಬೆಳೆದಂತೆ ಓರೆದಾರಿಯೂ ಉದ್ದವಾಗಿ ತಾನೇ ಸರಿಹೋಗುತ್ತದೆ.

ಸೋಂಕು ಮೂತ್ರಕೋಶದಲ್ಲೇ ನಿಂತರೆ ಉರಿ, ಪದೇ ಪದೇ ಹನಿಹನಿ ಮೂತ್ರ, ಅಷ್ಟೆ. ಮೂತ್ರಪಿಂಡಕ್ಕೆ ಏರಿದರೆ ಮಾತ್ರ ಚಳಿಜ್ವರ, ವಾಂತಿ. ಅಲ್ಲಿ ದೇಹದ ಬಿಳಿರಕ್ತಕಣಗಳಿಗೂ ಬ್ಯಾಕ್ಟೀರಿಯಾಗಳಿಗೂ ನಡೆಯುವ ಕಾಳಗದಲ್ಲಿ ಕಾಳಗದ ನೆಲವೇ ಹಾಳಾಗುತ್ತದೆ. ಗಾಯ ಮಾಗಿದ ಜಾಗದಲ್ಲಿ ಕೆಲಸ ಮಾಡುವ ಅಂಗಾಂಶದ ಬದಲು ಬರಿಯ ನಾರು ಉಳಿಯುತ್ತದೆ. ಮೊದಲ ಸಲ ಮೂತ್ರಾಂಗದ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು ಹದಿನೈದು ಮಕ್ಕಳಿಗೆ ಇಂಥ ಕಲೆ ಉಳಿಯುತ್ತದೆಂದು 2010ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ ಹೇಳಿದೆ. ಒಂದು ಸಣ್ಣ ಕಲೆಯಿಂದ ಜೀವಮಾನದಲ್ಲಿ ಏನೂ ಆಗದಿರಬಹುದು. ಪದೇ ಪದೇ ಸೋಂಕಾಗಿ ಎರಡೂ ಬದಿ ದೊಡ್ಡ ಕಲೆಗಳಾದರೆ ಮುಂದೆ ರಕ್ತದೊತ್ತಡ ಏರಬಹುದು, ಮೂತ್ರಪಿಂಡದ ಕಸುವು ಕುಗ್ಗಬಹುದು.

ಇಲ್ಲಿ ಸಮಯದ ಪ್ರಶ್ನೆ ಬರುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಕಲೆ ಉಳಿದ ಮಕ್ಕಳಿಗೆ ಔಷಧ ಶುರುವಾಗುವ ಮೊದಲು ಜ್ವರ ಕಾದಿದ್ದ ಅವಧಿಯ ಮಧ್ಯಾಂಕ 72 ಗಂಟೆ. ಕಲೆ ಉಳಿಯದವರಲ್ಲಿ 48 ಗಂಟೆ. ಹಲ್ಲಿನ ಜ್ವರವೆಂದು ಕಾದು ಕೂರುವುದಕ್ಕೆ ಎಷ್ಟು ಬೆಲೆ ತೆರಬೇಕಾದೀತೆಂದು ಇದರಿಂದ ಊಹಿಸಬಹುದು.

ಹಾಗಾದರೆ ಕಪಾಟಿನ ಬಾಟಲಿಯನ್ನು ಕೂಡಲೇ ತೆಗೆಯುವುದೇ ಸರಿಯಲ್ಲವೇ, ಎಂದು ಸೊಸೆ ಕೇಳಬಹುದು. ಅಲ್ಲ. ಒಂದೆರಡು ಚಮಚ ಔಷಧ ಮೂತ್ರಕ್ಕಿಳಿದರೆ ಸಾಕು, ಪ್ರಯೋಗಶಾಲೆಯ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದೇ ಇಲ್ಲ. ಮೂತ್ರಪಿಂಡದಲ್ಲಿ ಸೋಂಕು ಇದ್ದೇ ಇರುತ್ತದೆ, ವರದಿ ಮಾತ್ರ "ಬೆಳವಣಿಗೆ ಇಲ್ಲ" ಎನ್ನುತ್ತದೆ. ಜ್ವರ ಅರ್ಧ ಇಳಿದು ಮತ್ತೆ ಏರುತ್ತದೆ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಮೇಲಾಗಿ ಪುಡಿಗೆ ನೀರು ಬೆರೆಸಿ ಮಾಡಿದ ಸಿರಪ್ಪು ಒಂದೆರಡು ವಾರದಾಚೆಗೆ ನೆಚ್ಚಿಕೊಳ್ಳುವಂಥದಲ್ಲ. ದೊಡ್ಡ ಮಗನ ತೂಕಕ್ಕೆ ಬರೆದ ಪ್ರಮಾಣ ಕೂಸಿನದಲ್ಲ. ಆದ್ದರಿಂದ ಕ್ರಮ ಇಷ್ಟೆ: ಮೊದಲು ಮೂತ್ರದ ಮಾದರಿ, ಅದರ ಬೆನ್ನಿಗೇ ವೈದ್ಯರು ಕೊಡುವ ಔಷಧ. ವರದಿ ಬರಲಿ ಎಂದು ಎರಡು ದಿನ ಕಾಯುವುದೂ ಇಲ್ಲ, ಮಾದರಿ ತೆಗೆಯದೆ ಔಷಧ ಹಾಕುವುದೂ ಇಲ್ಲ.

ಈ ಕ್ರಮ ಹೇಳುವುದು ಸುಲಭ. ಒಂಬತ್ತು ತಿಂಗಳ ಕೂಸಿನಿಂದ ಶುದ್ಧವಾದ ಮೂತ್ರ ಹಿಡಿಯುವುದು ಹುಡುಗಾಟವಲ್ಲ. ಅಂಟಿಸುವ ಪ್ಲಾಸ್ಟಿಕ್ ಚೀಲವೊಂದು ಸಿಗುತ್ತದೆ. ಅದರಲ್ಲಿ ಬಿದ್ದ ಮೂತ್ರ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳನ್ನೂ ತೊಳೆದು ತಂದಿರುತ್ತದೆ. ತರ್ಕ ಕಲಿಯುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಚಂದದ ಉದಾಹರಣೆಯಿದೆ. ಚೀಲದ ಮೂತ್ರದಲ್ಲಿ ಏನೂ ಬೆಳೆಯದಿದ್ದರೆ ಸೋಂಕಿಲ್ಲವೆಂದು ಬಹುತೇಕ ನಂಬಬಹುದು. ಬೆಳೆದರೆ ಸೋಂಕಿದೆಯೆಂದು ನಂಬುವಂತಿಲ್ಲ. ಒಂದೇ ಪರೀಕ್ಷೆ, ಅದರ "ಇಲ್ಲ" ಎಂಬ ಮಾತಿಗೆ ಬೆಲೆಯಿದೆ, "ಹೌದು" ಎಂಬುದಕ್ಕೆ ಇಲ್ಲ! ಅದಕ್ಕೇ ಕಾಯಿಲೆ ಜೋರಾಗಿರುವ ಎಳೆಮಕ್ಕಳಲ್ಲಿ ವೈದ್ಯರು ತೆಳುವಾದ ಮೆದು ನಳಿಕೆಯನ್ನು ಹೊರನಾಳದೊಳಗೆ ಹಾಯಿಸಿ ಮೂತ್ರ ತೆಗೆಯುತ್ತಾರೆ. ನೋಡುವ ತಂದೆತಾಯಿಗೆ ಕರುಳು ಹಿಂಡಿದಂತಾಗುತ್ತದೆ. ಆದರೆ ಒಂದು ನಿಮಿಷದ ಆ ಅಳು, ಬೇಡದ ಹತ್ತು ದಿನದ ಔಷಧಕ್ಕಿಂತ ಅಗ್ಗ.

ಹನಿ ಬೀಳುವಾಗಲೇ ಹಿಡಿಯುವುದು ಇನ್ನೊಂದು ದಾರಿ. ನೀರಿನಿಂದ ತೊಳೆದು, ತೊಡೆಯ ಮೇಲೆ ಹಿಡಿದುಕೊಂಡು, ಬರಡುಗೊಳಿಸಿದ ಡಬ್ಬಿ ಹಿಡಿದು ಕಾಯುವುದು. ಮೊದಲ ಹನಿಗಳನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 354 ಕೂಸುಗಳ ಮೇಲೆ ಒಂದು ಸರಳ ಉಪಾಯವನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ತಣ್ಣನೆಯ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿಬ್ಬೊಟ್ಟೆಯ ಮೇಲೆ ಮೆಲ್ಲಗೆ ವೃತ್ತಾಕಾರವಾಗಿ ಉಜ್ಜಿದರೆ ಐದು ನಿಮಿಷದೊಳಗೆ ಮೂತ್ರ ಹೊಯ್ದ ಕೂಸುಗಳು ನೂರಕ್ಕೆ 31, ಸುಮ್ಮನೆ ಕಾದಾಗ ನೂರಕ್ಕೆ 12. ತುಟಿ ಸೇರಿಸಿ "ಸ್‌ಸ್‌ಸ್" ಎನ್ನುವ ನಮ್ಮ ಅಜ್ಜಿಯಂದಿರ ವಿದ್ಯೆಯನ್ನು ಇದರ ಪಕ್ಕದಲ್ಲಿಟ್ಟು ಯಾರಾದರೂ ಅಳೆದು ನೋಡಬಾರದೇಕೆ!

ಮಾದರಿ ಸಿಕ್ಕಿತೆಂದು ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಪೇಟೆ ಕೆಲಸ ಮುಗಿಸಿಕೊಂಡು ಸಂಜೆ ಪ್ರಯೋಗಶಾಲೆಗೆ ಕೊಟ್ಟರೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಲೆಕ್ಕ ಹಾಕಿ ನೋಡಿ. ಚರ್ಮದಿಂದ ಸೇರಿದ ಬ್ಯಾಕ್ಟೀರಿಯಾ ಒಂದು ಮಿಲಿಲೀಟರಿಗೆ 1,000 ಇದ್ದವೆನ್ನಿ. ಬೆಚ್ಚನೆಯ ಜಾಗದಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದಿಟ್ಟುಕೊಂಡರೆ ನಾಲ್ಕು ಗಂಟೆಯಲ್ಲಿ ಎಂಟು ಸಲ ಇಮ್ಮಡಿ, ಅಂದರೆ 256 ಪಟ್ಟು. ಸಾವಿರ ಇದ್ದದ್ದು 2,56,000 ಆಯಿತು. ಆರೋಗ್ಯವಾಗಿರುವ ಕೂಸು ಕಾಗದದ ಮೇಲೆ ರೋಗಿಯಾಯಿತು. ಅದಕ್ಕೇ ಒಂದು ಗಂಟೆಯೊಳಗೆ ತಲುಪಿಸಬೇಕು. ಆಗದಿದ್ದರೆ ರೆಫ್ರಿಜರೇಟರಿನಲ್ಲಿ 4 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇಟ್ಟು, ಒಯ್ಯುವಾಗ ಮಂಜುಗಡ್ಡೆಯ ಜೊತೆ ಒಯ್ಯಬೇಕು. ತಂಪಿನಲ್ಲಿ ಅವು ಸಾಯುವುದಿಲ್ಲ, ಹೆಚ್ಚುವುದೂ ಇಲ್ಲ.

ಪ್ರಯೋಗಶಾಲೆಯಲ್ಲಿ ಎಣಿಸುವುದು ಹೇಗೆ? ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗ ಮಾತ್ರ ಹಿಡಿಯುವ ತಂತಿಯ ಕುಣಿಕೆಯನ್ನು ಮೂತ್ರದಲ್ಲಿ ಅದ್ದಿ ಪೋಷಕ ತಟ್ಟೆಯ ಮೇಲೆ ಎಳೆಯುತ್ತಾರೆ. ರಾತ್ರಿಯೆಲ್ಲ ದೇಹದ ಶಾಖದಲ್ಲಿಟ್ಟರೆ ಬಿದ್ದ ಒಂದೊಂದು ಬ್ಯಾಕ್ಟೀರಿಯಾವೂ ಸಂತಾನ ಬೆಳೆಸಿ ಕಣ್ಣಿಗೆ ಕಾಣುವ ಒಂದು ಚುಕ್ಕೆಯಾಗುತ್ತದೆ. ನೂರು ಚುಕ್ಕೆ ಎಣಿಸಿದರೆ, ಸಾವಿರದಿಂದ ಗುಣಿಸಿ, ಮಿಲಿಲೀಟರಿಗೆ ಒಂದು ಲಕ್ಷ. ಈ "ಒಂದು ಲಕ್ಷ" ಎಂಬ ಗೆರೆ ಎಳೆದದ್ದು ಬಾಸ್ಟನ್ನಿನ ಎಡ್ವರ್ಡ್ ಕಾಸ್, 1956ರಲ್ಲಿ. ಆತ ಅಳೆದದ್ದು ದೊಡ್ಡವರ ಮೂತ್ರವನ್ನು. ಮಕ್ಕಳಲ್ಲಿ ನಳಿಕೆಯಿಂದ ನೇರವಾಗಿ ತೆಗೆದ ಮೂತ್ರಕ್ಕೆ ಅಷ್ಟು ಬೇಕಿಲ್ಲ; 2011ರ ಅಮೆರಿಕದ ಮಕ್ಕಳ ವೈದ್ಯರ ಸಂಘದ ಸೂತ್ರ ಐವತ್ತು ಸಾವಿರ ಎನ್ನುತ್ತದೆ, ಜೊತೆಗೆ ಮೂತ್ರದಲ್ಲಿ ಕೀವುಕಣಗಳೂ ಇರಬೇಕೆನ್ನುತ್ತದೆ. ಚುಕ್ಕೆಗಳನ್ನು ಇನ್ನೊಂದು ತಟ್ಟೆಗೆ ಹರಡಿ, ಬೇರೆ ಬೇರೆ ಔಷಧ ನೆನೆಸಿದ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟು ಮತ್ತೊಂದು ದಿನ ಕಾಯುತ್ತಾರೆ. ನಾಟುವ ಔಷಧದ ಸುತ್ತ ಬಯಲು ಬಿದ್ದಿರುತ್ತದೆ. ನಾಟದ್ದರ ಅಂಚಿನವರೆಗೂ ಬೆಳೆ ಬಂದಿರುತ್ತದೆ. ಮೊದಲು ಸುಲಭವಾಗಿ ಗುಣವಾಗುತ್ತಿದ್ದ ಔಷಧಗಳಿಗೆ ಇ-ಕೋಲಿ ಇಂದು ಜಗ್ಗುತ್ತಿಲ್ಲವಾದ್ದರಿಂದ ಈ ಬಿಲ್ಲೆಗಳ ಮಾತು ಮೊದಲಿಗಿಂತ ಮುಖ್ಯ. ಕಪಾಟಿನ ಅರ್ಧ ಬಾಟಲಿಗಳಿಗೂ ಇದರಲ್ಲಿ ಪಾಲಿದೆ.

ಎರಡು ದಿನ ಕಾಯುವ ಮೊದಲೇ ಸುಳಿವು ಕೊಡುವ ಬಣ್ಣದ ಪಟ್ಟಿಯೊಂದಿದೆ. ಇ-ಕೋಲಿಯಂಥ ಬ್ಯಾಕ್ಟೀರಿಯಾಗಳು ಮೂತ್ರದ ನೈಟ್ರೇಟನ್ನು ನೈಟ್ರೈಟ್ ಆಗಿ ಮಾಡುತ್ತವೆ. ನೈಟ್ರೈಟ್ ಇದ್ದರೆ ಪಟ್ಟಿ ಗುಲಾಬಿಯಾಗುತ್ತದೆ. ಪಿಯುಸಿ ರಸಾಯನಶಾಸ್ತ್ರದಲ್ಲಿ ಡಯಾಜೋ ಕ್ರಿಯೆಯನ್ನು ಉರುಹೊಡೆದವರು ಇದನ್ನು ಗುರುತಿಸಬಹುದು. ಅದನ್ನು ಕಂಡುಹಿಡಿದ ಪೀಟರ್ ಗ್ರೀಸ್ ಜರ್ಮನ್ ರಸಾಯನಜ್ಞ. ಸಂಬಳಕ್ಕೆ ದುಡಿದದ್ದು ಇಂಗ್ಲೆಂಡಿನ ಬಿಯರ್ ಕಾರ್ಖಾನೆಯೊಂದರಲ್ಲಿ! ಪಟ್ಟಿ ಗುಲಾಬಿಯಾದರೆ ಸೋಂಕಿನ ಸಂಭವ ಬಹಳ ಹೆಚ್ಚು. ಆಗದಿದ್ದರೆ? ನೈಟ್ರೈಟ್ ಸಾಕಷ್ಟು ಕೂಡಲು ಮೂತ್ರ ನಾಲ್ಕು ಗಂಟೆಯಾದರೂ ಮೂತ್ರಕೋಶದಲ್ಲಿ ನಿಲ್ಲಬೇಕು. ಕೂಸು ಅಷ್ಟು ಹೊತ್ತು ಎಲ್ಲಿ ನಿಲ್ಲಿಸಿಕೊಳ್ಳುತ್ತದೆ? ಈ ಪರೀಕ್ಷೆಯ "ಹೌದು" ಬೆಲೆಯುಳ್ಳದ್ದು, "ಇಲ್ಲ" ಅಲ್ಲ. ಚೀಲದ ಮೂತ್ರಕ್ಕೆ ಹೇಳಿದ್ದಕ್ಕೆ ತದ್ವಿರುದ್ಧ.

ಔಷಧ ಸಾಮಾನ್ಯವಾಗಿ ಏಳರಿಂದ ಹತ್ತು ದಿನ, ಕೆಲವರಿಗೆ ಹದಿನಾಲ್ಕು. ಬಾಯಿಗೆ ಹಾಕಿದ್ದು ನಿಂತರೆ ಬಾಯಿಯ ಔಷಧವೇ ಸಾಕು. ಎರಡು ಮೂರು ತಿಂಗಳೊಳಗಿನ ಕೂಸಿಗೆ, ಒಂದೇ ಸಮನೆ ವಾಂತಿ ಮಾಡುವ ಮಗುವಿಗೆ ಆಸ್ಪತ್ರೆಯಲ್ಲಿ ಚುಚ್ಚುಮದ್ದು. ಅಷ್ಟು ಎಳೆಯ ಕೂಸಿಗೆ 100.4 ಡಿಗ್ರಿ ಜ್ವರ ಬಂದರೂ ಮನೆಯಲ್ಲಿ ನೋಡೋಣ ಎನ್ನುವ ಮಾತೇ ಇಲ್ಲ. ನಾಟುವ ಔಷಧವಾದರೆ ಬಹುತೇಕ ಮಕ್ಕಳ ಜ್ವರ 48 ಗಂಟೆಯಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಮತ್ತೆ ತೋರಿಸಬೇಕು. ಬಾರ್ಲಿ ನೀರು, ಎಳನೀರು ದೊಡ್ಡ ಮಕ್ಕಳು ಕುಡಿದರೆ ಹಿತ, ಆದರೆ ಅವು ಔಷಧದ ಜಾಗ ತುಂಬಲಾರವು.

ಗುಣವಾದ ಮೇಲೆ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಮೂತ್ರಪಿಂಡಗಳ ಗಾತ್ರ, ಎಲ್ಲಾದರೂ ಕಟ್ಟಿಕೊಂಡಿದೆಯೇ ಎಂದು ತಿಳಿಯುತ್ತದೆ. ಹಿಮ್ಮುಖ ಹರಿವನ್ನು ನೋಡುವ ಎಕ್ಸ್-ರೇ, ಕಲೆಯನ್ನು ತೋರಿಸುವ ಡಿಎಂಎಸ್‌ಎ ಸ್ಕ್ಯಾನ್ ಎಲ್ಲ ಮಕ್ಕಳಿಗೂ ಬೇಕಿಲ್ಲ. ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂ ವಿಕಿರಣಶೀಲವೆಂದು ಕೇಳಿ ಹೆದರುವವರಿಗೆ ಒಂದು ಮಾತು: ಅದರ ಅರ್ಧಾಯುಷ್ಯ ಆರೇ ಗಂಟೆ. ಒಂದು ದಿನದಲ್ಲಿ ಹದಿನಾರನೆಯ ಒಂದು ಭಾಗಕ್ಕಿಳಿಯುತ್ತದೆ.

ಹಿಮ್ಮುಖ ಹರಿವು ಇರುವ ಮಕ್ಕಳಿಗೆ ಸಣ್ಣ ಪ್ರಮಾಣದ ಔಷಧವನ್ನು ದಿನವೂ ಕೊಡುತ್ತ ಹೋಗಬೇಕೇ ಎಂಬ ವಿವಾದ ಹಳೆಯದು. 607 ಮಕ್ಕಳನ್ನು ಎರಡು ವರ್ಷ ಗಮನಿಸಿದ ಅಮೆರಿಕದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಔಷಧ ತೆಗೆದುಕೊಂಡ 302 ಮಕ್ಕಳಲ್ಲಿ 39 ಮಂದಿಗೆ, ಹುಸಿ ಔಷಧ ತೆಗೆದುಕೊಂಡ 305 ಮಕ್ಕಳಲ್ಲಿ 72 ಮಂದಿಗೆ ಸೋಂಕು ಮರುಕಳಿಸಿತು. ಆದರೆ ಕಲೆಗಳ ಪ್ರಮಾಣದಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಔಷಧ ತೆಗೆದುಕೊಂಡವರಲ್ಲಿ ಮರುಕಳಿಸಿದ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಬಗ್ಗದವೇ ಹೆಚ್ಚು. ಆದ್ದರಿಂದ ಈಗ ಮಗುವನ್ನು ನೋಡಿ ತೀರ್ಮಾನಿಸುತ್ತಾರೆ.

ಔಷಧವಿಲ್ಲದೆ ಮಾಡಬಹುದಾದ್ದು ಬೇಕಾದಷ್ಟಿದೆ. ಎದೆಹಾಲು ಕುಡಿಯುವ ಕೂಸುಗಳಲ್ಲಿ ಈ ಸೋಂಕು ಕಡಿಮೆ. ಹೆಣ್ಣುಮಕ್ಕಳನ್ನು ತೊಳೆಯುವಾಗ, ಒರೆಸುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು. ಡಯಾಪರನ್ನು ಮಲವಾದ ಕೂಡಲೇ ಬದಲಿಸಬೇಕು. ಊರಿಗೆ ಹೊರಟ ಬಸ್ಸಿನಲ್ಲಿ ಇದು ಕಷ್ಟವೇ ಸರಿ. ಹೆಚ್ಚಿನವರು ಲಕ್ಷಿಸದ ಇನ್ನೊಂದು ಕಾರಣ ಮಲಬದ್ಧತೆ. ಮಲ ತುಂಬಿದ ಕರುಳು ಎದುರಿನ ಮೂತ್ರಕೋಶವನ್ನು ಒತ್ತುತ್ತದೆ, ಅದು ಪೂರ್ತಿ ಖಾಲಿಯಾಗುವುದಿಲ್ಲ. ನಿಂತ ನೀರಿನಲ್ಲಿ ಹುಳ ಬೀಳುವುದು ಎಲ್ಲರಿಗೂ ಗೊತ್ತು. ಸೊಪ್ಪು, ಹಣ್ಣು, ಬೇಕಾದಷ್ಟು ನೀರು, ಬೆಳಿಗ್ಗೆ ಅವಸರವಿಲ್ಲದೆ ಕೂರಲು ಹತ್ತು ನಿಮಿಷ ಸಿಕ್ಕರೆ ಎಷ್ಟೋ ಮಕ್ಕಳ ಮರುಕಳಿಕೆ ಅಲ್ಲಿಗೇ ನಿಲ್ಲುತ್ತದೆ.

ಶಾಲೆಗೆ ಹೋಗುವ ಹುಡುಗಿಯರ ಕಥೆಯೇ ಬೇರೆ. ಬೆಳಿಗ್ಗೆ ಮನೆ ಬಿಟ್ಟವಳು ಸಂಜೆ ಮನೆಗೆ ಬಂದು ಚೀಲ ಎಸೆದು ಬಚ್ಚಲಿಗೆ ಓಡುತ್ತಾಳೆಂದರೆ, ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ ಅಥವಾ ನೀರಿಲ್ಲ ಎಂದರ್ಥ. ಹೋಗಬೇಕಾದೀತೆಂದು ನೀರನ್ನೇ ಕುಡಿಯದೆ ಬಾಟಲಿಯನ್ನು ತುಂಬಿದ್ದು ತುಂಬಿದಂತೆಯೇ ವಾಪಸು ತರುವವರಿದ್ದಾರೆ. ಅಮ್ಮ ಸಂಜೆ ಆ ಬಾಟಲಿಯನ್ನು ಎತ್ತಿ ನೋಡಿದರೆ ಸಾಕು, ವಿಷಯ ತಿಳಿಯುತ್ತದೆ. ಪಾಠದ ನಡುವೆ ಕಿರುಬೆರಳೆತ್ತಿದ ಮಗುವನ್ನು "ಈಗ ತಾನೇ ಬೆಲ್ ಆಯ್ತಲ್ಲ, ಕೂತ್ಕೋ" ಎಂದು ಗದರುವ ಮೇಷ್ಟ್ರುಗಳೂ ಇದರಲ್ಲಿ ಪಾಲುದಾರರು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದರೆ ಬೈಯುವ ಮೊದಲು ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಬೇಕು.

ಆ ಒಂಬತ್ತು ತಿಂಗಳ ಕೂಸನ್ನು ಅಂದೇ ಸಂಜೆ ಕರೆದುಕೊಂಡು ಹೋಗುವುದಾದರೆ, ತಾಯಿ ವೈದ್ಯರಿಗೆ ಹೇಳಬೇಕಾದ ಮಾತು ಒಂದೇ: "ನೆಗಡಿ ಕೆಮ್ಮು ಏನೂ ಇಲ್ಲ ಡಾಕ್ಟ್ರೇ, ಮೂತ್ರ ಪರೀಕ್ಷೆ ಮಾಡಿಸಬೇಕಾ?" ವರದಿಯಲ್ಲಿ ಸೋಂಕು ಕಂಡರೆ ಆ ಕಾಗದವನ್ನು ಲಸಿಕೆಯ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಬೇಕು. ಮುಂದೊಂದು ದಿನ ಮತ್ತೆ ಕಾರಣ ಕಾಣದ ಜ್ವರ ಬಂದಾಗ, ಬೇರೆ ಊರಿನ ಬೇರೆ ವೈದ್ಯರ ಮುಂದೆ ಮೊದಲು ಬಿಚ್ಚಬೇಕಾದ ಕಾಗದ ಅದು.